ಕರೆಂಟ್ ಹೋದಾಗ ಉಳಿಯದ ನಕಲು

2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳಲ್ಲಿ ಒಟ್ಟಿಗೇ ಕರೆಂಟ್ ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು, ಮುಂಬಯಿ ವಿಶ್ವವಿದ್ಯಾಲಯದ ಆನ್‌ಲೈನ್ ಪರೀಕ್ಷೆಗಳು ಮುಂದಕ್ಕೆ ಹೋದವು. ಕಳವಾ–ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗದಲ್ಲಿ ಒಂದು ಸರ್ಕ್ಯೂಟನ್ನು ದುರಸ್ತಿಗೆಂದು ನಿಲ್ಲಿಸಲಾಗಿತ್ತು, ಹೊರೆ ಹೊತ್ತ ಇನ್ನೊಂದೂ ಕೈಕೊಟ್ಟಿತು ಎಂದು ಸರಕಾರ ಹೇಳಿತು. ಆಪತ್ತಿಗೆಂದು ಇಟ್ಟುಕೊಂಡದ್ದೂ ಅದೇ ಆಪತ್ತಿನಲ್ಲಿ ಮುಳುಗಿದರೆ ಅದನ್ನು ಬದಲಿ ವ್ಯವಸ್ಥೆ ಎನ್ನಲಾದೀತೇ? ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಇಟ್ಟ ಬ್ಯಾಕಪ್ಪಿಗೂ ಇದೇ ಪ್ರಶ್ನೆ ಕೇಳಬೇಕು.

ಇಂದು ಬಳಕೆಯಲ್ಲಿರುವ ಡೈನಾಮಿಕ್ ರ‍್ಯಾಮನ್ನು ರೂಪಿಸಿದವರು ಐಬಿಎಂನ ರಾಬರ್ಟ್ ಡೆನಾರ್ಡ್. ಅದರ ಪೇಟೆಂಟ್ ಅವರಿಗೆ 1968ರಲ್ಲಿ ಸಿಕ್ಕಿತು. ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್, ಅಷ್ಟೇ. ಕೆಪ್ಯಾಸಿಟರಿನೊಳಗಿನ ವಿದ್ಯುತ್ತು ಸದಾ ಸೋರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಬಿಟ್ಟನ್ನೂ ಓದಿ ಮತ್ತೆ ತುಂಬಬೇಕು. ತುಂಬುವುದು ನಿಂತರೆ ಮಾಹಿತಿಯೂ ಹೋಯಿತು. ಆಫ್ ಆದ ಮೇಲೂ ಕೆಲವು ಸೆಕೆಂಡು, ತಂಪುಮಾಡಿದರೆ ಇನ್ನಷ್ಟು ಹೊತ್ತು, ಅದರ ಗುರುತು ಉಳಿಯುತ್ತದೆ ಎಂದು 2008ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದ್ದು ನಿಜ. ಅದರಿಂದ ಲಾಭ ಕಳ್ಳನಿಗೇ ಹೊರತು ಮಾಲೀಕನಿಗಲ್ಲ.

ರ‍್ಯಾಮ್‌ನಲ್ಲಿ ಬ್ಯಾಕಪ್ ಇಡುವಷ್ಟು ಪೆದ್ದರು ಯಾರಿದ್ದಾರೆ ಎಂದು ನಗಬಹುದು. ಆದರೆ ಗೊತ್ತಿಲ್ಲದೆಯೇ ಇಡುವವರು ಬಹಳ. ಸಂಜೆ ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟ ಲ್ಯಾಪ್‌ಟಾಪಿನಲ್ಲಿ ಸೇವ್ ಆಗದ ಲೆಕ್ಕವೆಲ್ಲ ಇರುವುದು ರ‍್ಯಾಮ್‌ನಲ್ಲೇ; ಹೈಬರ್ನೇಟ್ ಮಾಡಿದರೆ ಮಾತ್ರ ಅದು ಡಿಸ್ಕಿಗೆ ಇಳಿಯುತ್ತದೆ. ಡಿಸ್ಕಿಗೆ ಬರೆದೆ ಎಂದು ಸಾಫ್ಟ್‌ವೇರ್ ಹೇಳಿದ ಮೇಲೂ ಆಪರೇಟಿಂಗ್ ಸಿಸ್ಟಮ್ ಅದನ್ನು ಸ್ವಲ್ಪ ಹೊತ್ತು ತನ್ನ ಸ್ಮೃತಿಯಲ್ಲೇ ಹಿಡಿದುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ಇದು ಸುಮಾರು 30 ಸೆಕೆಂಡು. ವೇಗ ಬೇಕೆಂದು ಸ್ಮೃತಿಯ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವ ರ‍್ಯಾಮ್‌ ಡಿಸ್ಕ್ ಮಾಡಿಕೊಂಡು ರಾತ್ರಿಯ ನಕಲನ್ನು ಅಲ್ಲಿಗೇ ಹಾಕುವ ಸರ್ವರ್‌ಗಳೂ ಉಂಟು. ಡೊಂಬಿವಲಿ ಎಂಐಡಿಸಿಯ ಸಣ್ಣ ಕಾರ್ಖಾನೆಯ ಸ್ಟಾಕ್ ಲೆಕ್ಕಕ್ಕೂ ಕಲ್ಯಾಣ್‌ನ ಉಡುಪಿ ಹೋಟೆಲಿನ ಬಿಲ್ಲಿಂಗ್‌ಗೂ ಈ ಅಪಾಯ ತಪ್ಪಿದ್ದಲ್ಲ.

ಯುಪಿಎಸ್ ಇದೆಯಲ್ಲ ಎನ್ನುವವರಿಗೆ ಉತ್ತರ ಸುಲಭ. ಕಚೇರಿಯ ಯುಪಿಎಸ್ ಇರುವುದು ಕೆಲಸ ಸೇವ್ ಮಾಡಿ ಯಂತ್ರವನ್ನು ಕ್ರಮವಾಗಿ ಆಫ್ ಮಾಡುವಷ್ಟು ಸಮಯ ಕೊಡುವುದಕ್ಕೆ. ಅದರ ಬ್ಯಾಟರಿ ಹಳತಾದರೆ ಆ ಸಮಯವೂ ಸಿಗದು. ಕರೆಂಟ್ ಇದ್ದಾಗಲೂ ಯಂತ್ರ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದರೆ ರ‍್ಯಾಮ್ ಖಾಲಿ. ಇನ್ನೊಂದು ವಾದಕ್ಕೆ ತೂಕವಿದೆ: ರೆಡಿಸ್‌ನಂಥ ಡೇಟಾಬೇಸ್‌ಗಳು ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತವೆ, ಎರಡು ಮೂರು ಯಂತ್ರಗಳಲ್ಲಿ ಪ್ರತಿಗಳಿದ್ದರೆ ಭಯವೇನು? ವೇಗಕ್ಕಾಗಿ ಹಾಗಿಡುವುದು ಸರಿಯೇ. ಆದರೆ ಒಂದರಲ್ಲಿ ತಪ್ಪಿ ಅಳಿಸಿದ್ದು ಕ್ಷಣದಲ್ಲಿ ಉಳಿದವುಗಳಲ್ಲೂ ಅಳಿಯುತ್ತದೆ, ಒಂದೇ ಕಟ್ಟಡದಲ್ಲಿದ್ದರೆ ಒಟ್ಟಿಗೇ ಆರುತ್ತವೆ. ರೆಡಿಸ್ ತಾನೂ ಡಿಸ್ಕಿಗೆ ಬರೆಯುವ ಸೌಲಭ್ಯವನ್ನು ಕೊಟ್ಟಿದೆ; ಪ್ರತಿ ಸೆಕೆಂಡಿಗೆ ಬರೆಯುವಂತೆ ಹೊಂದಿಸಿದರೆ ನಷ್ಟ ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು. ಬ್ಯಾಟರಿ ಜೋಡಿಸಿದ ಮೆಮೊರಿ ಕಾರ್ಡುಗಳೂ ಬಂದಿವೆ. ಕರೆಂಟ್ ಹೋದೊಡನೆ ಅವು ಮಾಡುವ ಕೆಲಸ ರ‍್ಯಾಮ್‌ನಲ್ಲಿದ್ದುದನ್ನು ಫ್ಲ್ಯಾಶ್‌ಗೆ ಸುರಿಯುವುದು.

ಹಾಗೆಂದು ಡಿಸ್ಕಿಗೆ ಬರೆದೊಡನೆ ನಿಶ್ಚಿಂತರಾಗುವ ಹಾಗೂ ಇಲ್ಲ. ಬಳಸಿ ಸವೆದ ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಕಪಾಟಿನಲ್ಲಿಟ್ಟರೆ ಅದೂ ಮರೆಯಬಹುದು. 2005ರ ಜುಲೈ 26ರ ಮಳೆಯಲ್ಲಿ ಕಲ್ಯಾಣ್, ಬದ್ಲಾಪುರದ ತಗ್ಗು ಪ್ರದೇಶಗಳಿಗೆ ನುಗ್ಗಿದಂಥ ನೀರು ಅಂಗಡಿಗೆ ಬಂದರೆ ಕಂಪ್ಯೂಟರೂ ಅದರ ಪಕ್ಕದ ಹಾರ್ಡ್ ಡಿಸ್ಕೂ ಜೊತೆಗೇ ನೆನೆಯುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ನಿಯಮ ಅದಕ್ಕೇ ಇರುವುದು. ಎಲೆಕ್ಟ್ರಾನಿಕ್ ಲೆಕ್ಕಪುಸ್ತಕ ಇಡುವ ಕಂಪನಿಗಳು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ಕಾನೂನೂ ಬಂದಿದೆ. ನಿಮ್ಮ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಈ ವಾರವೇ ಕರೆಸಿ, ಬ್ಯಾಕಪ್ ಇರುವ ಯಂತ್ರದ ಪ್ಲಗ್ಗನ್ನು ಅವರ ಎದುರೇ ತೆಗೆಸಿ, ಮತ್ತೆ ಹಚ್ಚಿಸಿ, ನಿನ್ನೆಯ ಒಂದು ಬಿಲ್ ತೆಗೆದು ತೋರಿಸಲು ಹೇಳಿ.