ಅಕ್ಕಡಿ ಸಾಲೂ ಮನೆಮಂದಿಯ ಪುಷ್ಟಿಯೂ

ಅನ್ನವನ್ನು ಬೆಳೆಯುವವನ ಮನೆಯಲ್ಲಿಯೇ ಅನ್ನದ ಕೊರತೆಯುಂಟೆಂದರೆ ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಆದರೂ ಸಂಗತಿಯು ಹಾಗೆಯೇ ಇದೆ. ಹೊಟ್ಟೆ ತುಂಬದಿರುವುದೊಂದೇ ಕೊರತೆಯಲ್ಲ. ಹೊಟ್ಟೆ ತುಂಬಿಯೂ ಮೈಗೆ ಪುಷ್ಟಿ ದೊರೆಯದಿರುವುದೂ ಕೊರತೆಯೇ. ಕರ್ನಾಟಕದಲ್ಲಿ 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ತುಂಬಿದ ಎಳೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಯೂ, ಪ್ರಾಯದ ಹೆಂಗಸರಲ್ಲಿ ಸುಮಾರು 48 ಮಂದಿಯೂ ರಕ್ತಹೀನತೆಯುಳ್ಳವರು. ಕಣಜದಲ್ಲಿ ಧಾನ್ಯವಿದ್ದೂ ಕೂಸಿನ ಕಣ್ಣಿನ ಕೆಳರೆಪ್ಪೆಯೊಳಗೆ ಕೆಂಪಿಲ್ಲದಿದ್ದರೆ ಆ ಬೇಸಾಯದಿಂದ ಬಂದ ಫಲವೇನು?

ಈ ಕೊರತೆಗೆ ಮದ್ದಿನ ಒಂದು ಪಾಲು ನಮ್ಮ ಹಿರಿಯರ ಹೊಲಗಳಲ್ಲಿಯೇ ಇದ್ದಿತು. ತುಮಕೂರು, ಕೋಲಾರ, ಮಂಡ್ಯ, ಹಾಸನ ಮೊದಲಾದ ಸೀಮೆಗಳಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿದ್ದುದು ಅಪರೂಪ. ಕೂರಿಗೆಯಿಂದ ರಾಗಿ ಬಿತ್ತುವಾಗ, ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ ಇವುಗಳ ಬೀಜವನ್ನು ಬಿಡುತ್ತಿದ್ದರು. ಇದೇ ಅಕ್ಕಡಿ ಸಾಲು. ಹೊಲದ ಅಂಚಿಗೆ ಹರಳು ನಿಲ್ಲುತ್ತಿದ್ದಿತು. ರಾಗಿಯು ಹೊಟ್ಟೆಗೆ, ಅವರೆ ತೊಗರಿಗಳು ಸಾರಿಗೆ, ಹುಚ್ಚೆಳ್ಳು ಎಣ್ಣೆಗೂ ಚಟ್ನಿಪುಡಿಗೂ, ಹರಳು ದೀಪಕ್ಕೂ ತಲೆಗೂ, ಹುಲ್ಲು ದನಕ್ಕೆ. ಹೀಗೆ ಒಂದೇ ಹೊಲವು ಒಂದು ಸಂಸಾರದ ಅಂಗಡಿಯಾಗಿದ್ದಿತು.

ಈ ಪದ್ಧತಿಯಲ್ಲಿ ಭೂಮಿಯ ಹಿತವೂ ಅಡಗಿದೆ. ಬೇಳೆಕಾಳಿನ ಗಿಡಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ತೊಗರಿಯ ಬೇರು ಆಳಕ್ಕೆ ಇಳಿಯುವುದರಿಂದ, ಮಳೆ ನಡುವೆ ಕೈಕೊಟ್ಟು ರಾಗಿ ಸೊರಗಿದರೂ ತೊಗರಿಯಾದರೂ ಕೈಗೆ ಬರುವ ಸಂಭವವುಂಟು. ಎಲ್ಲ ಬೆಳೆಯೂ ಒಂದೇ ವರ್ಷ ಕೆಡುವುದು ವಿರಳ. ಬಡ ಒಕ್ಕಲಿಗನಿಗೆ ಇದಕ್ಕಿಂತ ಮಿಗಿಲಾದ ವಿಮೆ ಯಾವುದು?

ಇನ್ನು ಆಹಾರದ ಗುಣವನ್ನು ವಿಚಾರಿಸೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು ಮಾತ್ರ. ಆದರೆ ರಾಗಿಯೊಂದನ್ನೇ ನೆಚ್ಚಲಾಗದು. ದೇಹವನ್ನು ಕಟ್ಟುವ ಸಸಾರಜನಕದಲ್ಲಿ ಲೈಸೀನ್ ಎಂಬ ಘಟಕವು ರಾಗಿಯಲ್ಲಿ ಕಡಮೆ, ಬೇಳೆಕಾಳುಗಳಲ್ಲಿ ಹೇರಳ. ಕಾಳುಗಳಲ್ಲಿ ಕಡಮೆಯಾದ ಮಿಥಿಯೋನಿನ್ ಎಂಬುದನ್ನು ರಾಗಿಯು ಒದಗಿಸುತ್ತದೆ. ಆದುದರಿಂದಲೇ ಮುದ್ದೆಗೆ ಅವರೆಕಾಳಿನ ಸಾರು ಜತೆಯಾಗಿರುವುದು ನಾಲಗೆಯ ಚಪಲಕ್ಕೆ ಮಾತ್ರವಲ್ಲ. ಹೊಲದಲ್ಲಿ ಕೂಡಿ ಬೆಳೆದುದು ತಟ್ಟೆಯಲ್ಲಿಯೂ ಕೂಡಿದರೇ ಪೂರ್ಣವಾಗುವುದು.

ಬಾಳಿಕೆಯಲ್ಲಿಯೂ ರಾಗಿಗೆ ಸಮನಾದ ಧಾನ್ಯಗಳು ಕಡಮೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಿವಾದವೆದ್ದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದ ಕಥೆಯನ್ನು ವಾಚಕರು ಬಲ್ಲರು. ಸೆರೆಯಿಂದ ಕೆಡದೆ ಹೊರಬಂದುದು ರಾಗಿಯೇ. ಚೆನ್ನಾಗಿ ಒಣಗಿಸಿ ನೆಲದ ಹಗೇವಿನಲ್ಲಿ ತುಂಬಿದ ರಾಗಿಯು ಎಷ್ಟೋ ವರ್ಷ ಹುಳು ಹಿಡಿಯದೆ ಉಳಿದು, ಬರಗಾಲದಲ್ಲಿ ಊರನ್ನು ಕಾಯುತ್ತಿದ್ದಿತು. ಹಗೇವನ್ನು ತೆರೆದೊಡನೆ ಯಾರೂ ಇಳಿಯತಕ್ಕದ್ದಲ್ಲ. ಒಳಗೆ ಕೆಟ್ಟ ಗಾಳಿ ತುಂಬಿ ಪ್ರಾಣಕ್ಕೇ ಅಪಾಯವಾಗುವುದೆಂಬುದನ್ನು ಮರೆಯಬಾರದು.

ಇಂಥ ಪದ್ಧತಿ ಹಿಂದಾದುದೇಕೆ? ಮುಸುಕಿನ ಜೋಳ, ನೀಲಗಿರಿ ಮುಂತಾದವು ಕೈಗೆ ರೊಕ್ಕ ತಂದವು. ಕೂಲಿ ದುಬಾರಿಯಾಯಿತು. ಅಗಲ ಎಲೆಯ ಕಳೆಯನ್ನು ಸುಡುವ ಔಷಧಿಯು ಅವರೆ ಸಾಸಿವೆಗಳನ್ನೂ ಸುಟ್ಟಿತು. ಪಡಿತರದ ಧಾನ್ಯವು ಬಂದುದು ದೊಡ್ಡ ಉಪಕಾರವೇ ಸರಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ದೊರೆಯಿತು. ಆದರೆ ಬರಿಯ ಅಕ್ಕಿಯು ಹಸಿವನ್ನು ನೀಗೀತೇ ಹೊರತು ರಕ್ತವನ್ನು ತುಂಬಲಾರದು.

ಅಕ್ಕಡಿ ಹಾಕಿದರೆ ಮುಖ್ಯ ಬೆಳೆಯ ಇಳುವರಿ ತಗ್ಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ನಿರಾಧಾರವಲ್ಲ. ಅದಕ್ಕಾಗಿಯೇ ಕೃಷಿ ವಿಜ್ಞಾನಿಗಳು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೆ ಎಂಟು ಸಾಲಿಗೆ ಒಂದು ಸಾಲು ಅವರೆ ಎಂಬ ಲೆಕ್ಕವನ್ನು ತಿಳಿಸಿದ್ದಾರೆ. ತಳಿಯ ವಿಷಯದಲ್ಲಿಯೂ ಚಿಂತೆಯಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಪಡೆದು, ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದರು. ಇರುವ ಹೊಲವನ್ನೆಲ್ಲ ಬದಲಿಸಬೇಕಾಗಿಲ್ಲ. ಒಬ್ಬರಿಗೆ ದಿನಕ್ಕೆ ಕಾಲು ಕಿಲೋ ರಾಗಿಯಂತೆ ಐವರ ಸಂಸಾರಕ್ಕೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಾಲ್ ಸಾಕು; ಹದವಾದ ಮಳೆಯಾದರೆ ಒಂದು ಎಕರೆಯಲ್ಲಿ ಇಷ್ಟು ದೊರೆಯುವುದು ಕಷ್ಟವಲ್ಲ. ಆ ಒಂದು ಎಕರೆ ಮನೆಯದು, ಉಳಿದುದು ಪೇಟೆಯದು ಎಂದು ಯಜಮಾನರು ನಿಶ್ಚಯಿಸಬೇಕು.

ಉಳಿದ ಅರ್ಧ ಕೆಲಸವು ಅಡಿಗೆಮನೆಯದು. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ, ಅದರ ಕಬ್ಬಿಣವು ಮೈಗೆ ಹತ್ತುವುದಕ್ಕೆ ಅಡ್ಡಿಮಾಡುವ ವಸ್ತುಗಳು ಕಡಮೆಯಾಗುತ್ತವೆ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಯ ಹಾಲಿನೊಡನೆ ಈ ಹಿಟ್ಟಿನ ಸರಿಯು ಉತ್ತಮ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣವು ಹೆಚ್ಚಾಗಿ ಹತ್ತುತ್ತದೆ. ಊಟದೊಡನೆ ಕುಡಿದ ಚಹಾ ಕಾಫಿಗಳು ಅದನ್ನು ತಡೆಯುತ್ತವೆ. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಪರಂಗಿ ಬೆಳೆಯಲು ಖರ್ಚೇನು? ಹಾಲನ್ನು ಡೈರಿಗೆ ಅಳೆಯುವ ಮೊದಲು ಮಕ್ಕಳ ಲೋಟಕ್ಕೆ ಅಳೆಯಬೇಕು. ರಕ್ತಹೀನತೆ ಹೆಚ್ಚಾದವರು ಆಹಾರವೊಂದನ್ನೇ ನಂಬದೆ ವೈದ್ಯರ ಬಳಿಗೆ ಹೋಗಿ, ಅವರು ಕೊಡುವ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ತೆಗೆದುಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಎಷ್ಟೋ ಮನೆಗಳಲ್ಲಿ ಗಂಡಸರೂ ಮಕ್ಕಳೂ ಉಂಡು ಎದ್ದ ಮೇಲೆ, ಕಾಳೆಲ್ಲ ತೀರಿ ತಳದಲ್ಲಿ ಉಳಿದ ತಿಳಿಸಾರೇ ಗೃಹಿಣಿಯ ಪಾಲು. ಬಸುರಿಯೂ ಬಾಣಂತಿಯೂ ಹೀಗೆ ಉಂಡರೆ ಹುಟ್ಟುವ ಕೂಸಿನ ಕೊರತೆಯು ಹುಟ್ಟುವ ಮೊದಲೇ ಆರಂಭವಾಗುವುದು. ಹೊಲದಲ್ಲಿ ಅಕ್ಕಡಿ ಸಾಲನ್ನು ಮರಳಿ ಹಾಕುವವರು ಮನೆಯಲ್ಲಿ ಊಟದ ಸಾಲನ್ನೂ ತಿದ್ದಬೇಕು. ಎಲ್ಲರೂ ಒಟ್ಟಿಗೆ ಕುಳಿತು, ಇರುವ ಕಾಳನ್ನು ಸಮವಾಗಿ ಬಡಿಸಿಕೊಳ್ಳುವುದಕ್ಕೆ ಮಳೆಗಾಗಿ ಕಾಯಬೇಕಾಗಿಲ್ಲ.