ನೀರಿಲ್ಲದ ಬೋರಿಗೆ ದೊಡ್ಡ ಮೋಟಾರ್ ಯಾಕೆ?

ಶಾರ್ಜಾದ ಮರಳಿನಲ್ಲಿ ಅಳಿಯನ ಕ್ವಾಡ್, ಅಕ್ಕಲಕೋಟೆಯಿಂದ ಮಾಮಾನ ಪಾಠ

ಅಕ್ಕಲಕೋಟೆ: ಸೋಲಾಪುರ ರಸ್ತೆಯ ಬದಿಗೆ ತಗಡಿನ ಛಾವಣಿಯ ಪುಟ್ಟ ಗ್ಯಾರೇಜು. ಹೊರಗೆ ರಿಪೇರಿಗೆ ನಿಂತ ನಾಲ್ಕೈದು ಬೈಕು, ಔಷಧ ಹೊಡೆಯುವ ಒಂದು ಪಂಪು. ಒಳಗೆ ಮಿಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಆ ಕಡೆ ಇದ್ದವನು ಶಾರ್ಜಾದಲ್ಲಿ ದುಡಿಯುವ ಅವರ ಅಕ್ಕನ ಮಗ.

"ಮಾಮಾ, 416ರ ಪಿಸ್ಟನ್ ಹಾಕ್ಸಲಿ ಏನು, ಇಲ್ಲಾ ಫುಲ್ ಸೈಲೆನ್ಸರ್ ಸೆಟ್ ತಗೊಳ್ಲಿ? ಈ ತಿಂಗಳ ಪಗಾರ ಬಂದದ."

"ಎರಡೂ ಬ್ಯಾಡ. ಮೊದಲ ಟ್ಯಾಪೆಟ್ ಯಾವಾಗ ನೋಡಿದಿ, ಅದು ಹೇಳು."

ಆ ಕಡೆಯಿಂದ ಉತ್ತರ ಬರಲಿಲ್ಲ. ಮಿಸ್ತ್ರಿ ನನ್ನ ಕಡೆ ನೋಡಿ ನಕ್ಕರು. "ಎಲ್ಲಾ ಹುಡುಗ್ರೂ ಹಿಂಗ ನೋಡ್ರಿ. ದವಾಖಾನಿಗೆ ಹೋಗದ ಟಾನಿಕ್ ಕುಡಿಯೋರು."

ಈ ಮಿಸ್ತ್ರಿ ಹನ್ನೊಂದು ವರ್ಷ ಶಾರ್ಜಾದ ಒಂದು ಗ್ಯಾರೇಜಿನಲ್ಲಿ ಕ್ವಾಡ್ ರಿಪೇರಿ ಮಾಡಿ ಊರಿಗೆ ಮರಳಿದವರು. ಈಗ ಅದೇ ಹುಚ್ಚು ಅಳಿಯನಿಗೆ ಹತ್ತಿದೆ. ಜೊತೆಗಾರರಿಬ್ಬರೊಡನೆ ದುಡ್ಡು ಕೂಡಿಸಿ ಆತ ಒಂದು ಹಳೆಯ ಹೋಂಡಾ 400ಇಎಕ್ಸ್ ಕೊಂಡಿದ್ದಾನೆ. ರಜೆಯ ದಿನ ಅಲ್ ಬದಾಯರ್‌ನ ಕೆಂಪು ಮರಳ ದಿಬ್ಬ ಏರುವುದೇ ಅವನ ಆನಂದ. ಆದರೆ ಗಾಡಿ ಅರ್ಧ ದಿಬ್ಬಕ್ಕೆ ಉಸಿರು ಬಿಡುತ್ತಿತ್ತು. ಅದಕ್ಕೇ ಪಿಸ್ಟನ್ ಮಾತು.

ಇತ್ತ ಊರಲ್ಲಿ ತಾಯಿಗೆ ಬೇರೆಯದೇ ಚಿಂತೆ. ಹೊಲದ ಬೋರ್‌ವೆಲ್ ಪೈಪು ತೂತು ಬಿದ್ದಿದೆ, ತೊಗರಿ ಒಣಗುವ ಮೊದಲು ಅದನ್ನು ಬದಲಿಸಬೇಕು. ಮಗನ ಪಗಾರ ಪಿಸ್ಟನ್ನಿಗೋ, ಪೈಪಿಗೋ? ಮಿಸ್ತ್ರಿ ಆ ಫೋನಿನಲ್ಲಿ ತೀರ್ಮಾನಿಸಬೇಕಾಗಿದ್ದುದು ಅಸಲಿಗೆ ಇದನ್ನೇ.

ಏನಿದು ಸ್ಪೋರ್ಟ್ ಕ್ವಾಡ್?

ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್, ಒಬ್ಬನಿಗೇ ಸೀಟು. ಹೊಲದ ಕೆಲಸಕ್ಕೆ ಸಾಮಾನು ಹೇರುವ ಎಟಿವಿ ಬೇರೆ, ಓಡಲೆಂದೇ ಮಾಡಿದ ಸ್ಪೋರ್ಟ್ ಕ್ವಾಡ್ ಬೇರೆ. 1985ರಲ್ಲಿ ಸುಜುಕಿ ಎಲ್‌ಟಿ250ಆರ್ ಬಂದಾಗಿನಿಂದ ಅಮೆರಿಕದಲ್ಲಿ ಇದೊಂದು ದೊಡ್ಡ ಗೀಳು. ಹೋಂಡಾ 400ಇಎಕ್ಸ್ ಬಂದದ್ದು 1999ರಲ್ಲಿ. ಯಮಾಹಾ ರಾಪ್ಟರ್ 700 ಬಂದದ್ದು 2006ರಲ್ಲಿ. ಡಕಾರ್ ರ‍್ಯಾಲಿಯಲ್ಲಿ 2009ರಿಂದ 2024ರವರೆಗೆ ಕ್ವಾಡ್‌ಗಳಿಗೇ ಒಂದು ಪ್ರತ್ಯೇಕ ವಿಭಾಗವಿತ್ತು. ಕೊಲ್ಲಿ ದೇಶಗಳ ಮರಳುಗಾಡಿನಲ್ಲಿ ಬಾಡಿಗೆಗೂ ಇವು ಸಿಗುತ್ತವೆ.

ಅಳಿಯನ 400ಇಎಕ್ಸ್ ಇವುಗಳಲ್ಲಿ ಬಡವರ ಆನೆ. ಒಂದೇ ಸಿಲಿಂಡರ್, 397 ಸಿಸಿ, ಗಾಳಿಯಿಂದಲೇ ತಂಪಾಗುವ ಎಂಜಿನ್, ಕಾರ್ಬೊರೇಟರ್. ಕಂಪ್ರೆಷನ್ 9.1ಕ್ಕೆ 1. ಹೋಂಡಾದ ಎಕ್ಸ್‌ಆರ್400 ಬೈಕಿನ ಎಂಜಿನ್ನೇ ಇದಕ್ಕೆ ಮೂಲ. "ಸಾದಾ ಎಂಜಿನ್. ನೋಡಿಕೊಂಡ್ರ ಸಾಯೋದೇ ಇಲ್ಲ" ಎಂಬುದು ಮಿಸ್ತ್ರಿ ಸರ್ಟಿಫಿಕೇಟ್.

ಮೊದಲು ಸೋರಿಕೆ ಹುಡುಕಿ

ಹಾಗಾದರೆ ಶಕ್ತಿ ಹೆಚ್ಚಿಸಲು ಎಲ್ಲಿಂದ ಶುರು ಮಾಡಬೇಕು? ಇದ್ದ ಶಕ್ತಿ ಎಲ್ಲಿ ಹೋಯಿತು ಎಂಬುದರಿಂದ, ಎನ್ನುತ್ತಾರೆ ಅವರು.

"ಬೋರ್‌ನಾಗ ನೀರಿಲ್ಲ, ಪೈಪ್ ತೂತು ಬಿದ್ದದ. ಅದಕ್ಕ ಐದು ಎಚ್‌ಪಿ ತಗದು ಏಳೂವರೆ ಮೋಟಾರ್ ಇಳಿಸಿದ್ರ ಏನ್ ಬಂತು? ಕರೆಂಟ್ ಬಿಲ್ ಬಂತು, ಅಷ್ಟ. ಎಂಜಿನ್ನೂ ಹಂಗ."

ಶಾರ್ಜಾದ ಹಳೆಯ ಗ್ಯಾರೇಜಿನಲ್ಲಿ ಕಾಸರಗೋಡಿನ ಒಬ್ಬ ಜೊತೆಗಾರರು ಇನ್ನೂ ಇದ್ದಾರೆ. ಅಳಿಯನಿಗೆ ಗಾಡಿ ಅವರ ಬಳಿ ಒಯ್ದು ಲೀಕ್‌ಡೌನ್ ಟೆಸ್ಟ್ ಮಾಡಿಸಲು ಹೇಳಿದರು. ಪಿಸ್ಟನ್ ಮೇಲ್ತುದಿಗೆ ಬಂದು ವಾಲ್ವ್‌ಗಳೆಲ್ಲ ಮುಚ್ಚಿದ್ದಾಗ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಪರೀಕ್ಷೆ ಇದು. ಮೀಟರ್ ಸೋರಿಕೆಯ ಅಳತೆ ಹೇಳುತ್ತದೆ, ಕಿವಿ ಜಾಗ ಹೇಳುತ್ತದೆ. ಸೈಲೆನ್ಸರಿನಲ್ಲಿ ಸುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬೊರೇಟರ್ ಕಡೆ ಎಂದರೆ ಇನ್‌ಲೆಟ್ ವಾಲ್ವ್. ಆಯಿಲ್ ಕಡೆಯ ಬ್ರೀದರ್ ನಳಿಗೆಯಲ್ಲಿ ಎಂದರೆ ರಿಂಗ್ ಸವೆದಿದೆ.

ಅಳಿಯನ ಗಾಡಿಯಲ್ಲಿ ಸದ್ದು ಬಂದದ್ದು ಸೈಲೆನ್ಸರಿನಿಂದ. ಟ್ಯಾಪೆಟ್ ಸಂದು ಮುಚ್ಚಿಹೋಗಿ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂಡುತ್ತಿರಲಿಲ್ಲ. ಈ ಎಂಜಿನ್ನಿನಲ್ಲಿ ಸಂದು ಇರಬೇಕಾದದ್ದು ಇನ್‌ಲೆಟ್‌ಗೆ 0.10 ಮಿ.ಮೀ., ಎಕ್ಸಾಸ್ಟ್‌ಗೆ 0.12 ಮಿ.ಮೀ., ಅದೂ ಎಂಜಿನ್ ತಣ್ಣಗಿದ್ದಾಗ. ಕೂದಲೆಳೆಯಷ್ಟು ಸಂದು. ಅದಿಲ್ಲದಿದ್ದರೆ ಬೆಂಕಿ ಸೋರಿ ಸೋರಿ ವಾಲ್ವ್ ಅಂಚೇ ಸುಡುತ್ತದೆ. ಸೋರುವ ವಾಲ್ವ್ ಮೇಲೆ ದೊಡ್ಡ ಪಿಸ್ಟನ್ ಹಾಕಿಸಿದ್ದರೆ ಹುಡುಗನ ಪಗಾರವೆಲ್ಲ ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತಿತ್ತು.

ಏಳು ಪೈಸೆ, ಐದು ಪೈಸೆ

ಬಿ.ಕಾಂ. ಓದಿದವನಿಗೆ ಲೆಕ್ಕ ಬಿಟ್ಟರೆ ಬೇರೆ ದಾರಿಯಿಲ್ಲ. ಮಿಸ್ತ್ರಿ ಹೇಳುತ್ತ ಹೋದಂತೆ ನಾನು ಹಾಳೆಯ ಮೇಲೆ ಜಮಾ-ಖರ್ಚು ಹಾಕಿದೆ.

400ಇಎಕ್ಸ್ ಸಿಲಿಂಡರಿನ ಬೋರ್ 85 ಮಿ.ಮೀ., ಸ್ಟ್ರೋಕ್ 70 ಮಿ.ಮೀ. ಬೋರಿಂಗ್ ಮಾಡಿಸಿ 87 ಮಿ.ಮೀ. ಪಿಸ್ಟನ್ ಹಾಕಿದರೆ 397 ಸಿಸಿ ಹೋಗಿ 416 ಸಿಸಿ ಆಗುತ್ತದೆ. ಅಂದರೆ ಹೆಚ್ಚುವುದು ನೂರಕ್ಕೆ ಸುಮಾರು ಐದು. 89 ಮಿ.ಮೀ. ಹಾಕಿದರೂ 435 ಸಿಸಿ, ನೂರಕ್ಕೆ ಹತ್ತೂ ಪೂರ್ತಿ ಇಲ್ಲ.

ಈಗ ಚೈನ್ ನೋಡಿ. ಮುಂದಿನ ಸ್ಪ್ರಾಕೆಟ್‌ಗೆ 15 ಹಲ್ಲು, ಹಿಂದಿನದಕ್ಕೆ 38. ಮುಂದಿನದನ್ನು 14 ಹಲ್ಲಿನದು ಮಾಡಿದರೆ ಪ್ರತಿ ಗೇರಿನಲ್ಲೂ ಗಾಲಿಗೆ ಸಿಗುವ ಎಳೆತ ನೂರಕ್ಕೆ ಏಳು ಹೆಚ್ಚುತ್ತದೆ. ಎಂಜಿನ್ ಬಿಚ್ಚುವ ಮಾತೇ ಇಲ್ಲ, ಅರ್ಧ ತಾಸಿನ ಕೆಲಸ.

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಸ್ಪ್ರಾಕೆಟ್ ಹೊಸ ಶಕ್ತಿ ಹುಟ್ಟಿಸುವುದಿಲ್ಲ, ಇದ್ದುದನ್ನೇ ಬೇರೆ ರೀತಿ ಹಂಚುತ್ತದೆ. ಎಳೆತ ಏಳು ಪಾಲು ಏರಿದರೆ ಮೇಲಿನ ವೇಗ ಅಷ್ಟೇ ಇಳಿಯುತ್ತದೆ. ಸಣ್ಣ ಸ್ಪ್ರಾಕೆಟ್ ಹಾಕಿದರೆ ಚೈನ್ ಕೆಳಗಿನ ಸ್ಲೈಡರ್ ಬೇಗ ಸವೆಯುವುದರಿಂದ ಅದರ ಮೇಲೂ ಕಣ್ಣಿಡಬೇಕು. ದಿಬ್ಬ ಏರುವವನಿಗೆ ಇದು ಲಾಭ, ಬಯಲಲ್ಲಿ ಪಂದ್ಯ ಓಡುವವನಿಗೆ ನಷ್ಟ.

"ಅದಕ್ಕ ನಾ ಕೇಳೋ ಎರಡನೇ ಪ್ರಶ್ನೆ, ಎಲ್ಲಿ ಓಡಸ್ತಿ ಅಂತ" ಎನ್ನುತ್ತಾರೆ ಮಿಸ್ತ್ರಿ.

ಗಾಳಿ ಒಳಗೆ, ಹೊಗೆ ಹೊರಗೆ, ನಡುವೆ ಪೆಟ್ರೋಲ್

ಸೋರಿಕೆ ನಿಂತ ಮೇಲೆ ಬರುವುದು ಉಸಿರಾಟದ ಪಾಳಿ. ಏರ್‌ಬಾಕ್ಸ್ ಮುಚ್ಚಳ ತೆಗೆಯುವುದು, ಸಲೀಸಾಗಿ ಗಾಳಿ ಬಿಡುವ ಫಿಲ್ಟರ್, ಹಗುರ ಸೈಲೆನ್ಸರ್. ಬಹುತೇಕ ಹುಡುಗರು ಇಲ್ಲಿಗೇ ನಿಲ್ಲುತ್ತಾರೆ. ಸದ್ದು ಜೋರಾಯಿತು, ಗಾಡಿ ಜೋರಾಯಿತು ಎಂದುಕೊಳ್ಳುತ್ತಾರೆ. ಅಪಾಯ ಇರುವುದೂ ಇಲ್ಲೇ.

ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳ್ಳಗಾಗುತ್ತದೆ. ತೆಳು ಮಿಶ್ರಣದಲ್ಲಿ ಎಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುತ್ತದೆ, ಕಡೆಗೊಂದು ದಿನ ಪಿಸ್ಟನ್ ತಲೆಯೇ ಕರಗಿ ತೂತಾಗುತ್ತದೆ. ಮರಳಿನಲ್ಲಿ ಇದು ಇನ್ನೂ ಬೇಗ. ಡಾಂಬರಿನ ಮೇಲೆ ಗಾಡಿ ನಡುನಡುವೆ ಆರಾಮ ಪಡೆಯುತ್ತದೆ, ದಿಬ್ಬದಲ್ಲಿ ಬುಡದಿಂದ ತುದಿಯವರೆಗೆ ಪೂರ್ತಿ ಎಳೆತ.

ಆದ್ದರಿಂದ ಫಿಲ್ಟರ್, ಸೈಲೆನ್ಸರ್ ಬದಲಿಸಿದ ದಿನವೇ ಕಾರ್ಬೊರೇಟರ್ ಮೇನ್ ಜೆಟ್ ಕೂಡ ಬದಲಾಗಬೇಕು. ರಾಪ್ಟರ್ 700ನಂಥ ಇಂಜೆಕ್ಷನ್ ಗಾಡಿಯಾದರೆ ಜೆಟ್ ಬದಲು ಫ್ಯುಯೆಲ್ ಕಂಟ್ರೋಲರ್ ಎಂಬ ಡಬ್ಬಿ ಕೂಡಿಸಿ ಪೆಟ್ರೋಲ್ ಹೆಚ್ಚಿಸುತ್ತಾರೆ. ಎಷ್ಟು ನಂಬರಿನ ಜೆಟ್ ಎಂಬುದನ್ನು ಚಳಿ ದೇಶದ ಚಾರ್ಟ್ ನೋಡಿ ಹಾಕುವಂತಿಲ್ಲ. ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಎತ್ತರದ ಜಾಗದಲ್ಲೂ ಹಾಗೆಯೇ. ಜೆಟ್ ಹಾಕಿ ಓಡಿಸಿ ಪ್ಲಗ್ ತೆಗೆದು ನೋಡಬೇಕು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪು ಮಸಿ ಇದ್ದರೆ ಜಾಸ್ತಿ, ಚಹಾ ಬಣ್ಣವಿದ್ದರೆ ಸರಿ.

"ಒಂದು ಸಲಕ್ಕ ಒಂದೇ ಬದಲಾವಣೆ. ಮೂರು ಕೂಡೇ ಮಾಡಿದ್ರ ಯಾವುದು ಕೆಡ್ತು, ಯಾವುದು ಸುಧಾರ್ಸ್ತು ತಿಳಿಯಂಗಿಲ್ಲ. ಚೋಪಡಿಯೊಳಗ ಬರದಿಡು ಅಂತೀನಿ" ಎನ್ನುವ ಮಿಸ್ತ್ರಿ, ತಮ್ಮ ಎಣ್ಣೆ ಹತ್ತಿದ ಹಳೆಯ ನೋಟ್‌ಬುಕ್ ತೆಗೆದು ತೋರಿಸಿದರು. ತಾರೀಖು, ಜೆಟ್ ನಂಬರ್, ಆ ದಿನದ ಸೆಕೆ, ಪ್ಲಗ್ ಬಣ್ಣ, ಎಲ್ಲ ಅದರಲ್ಲಿದೆ.

ಮುಚ್ಚಳ ತೆಗೆದ ಏರ್‌ಬಾಕ್ಸ್‌ಗೆ ಧೂಳೂ ಹೆಚ್ಚು ಹೋಗುತ್ತದೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್, ಅಂಚಿಗೆ ಗ್ರೀಸ್, ಪ್ರತಿ ಓಟದ ಬಳಿಕ ತೊಳೆಯುವುದು ಕಡ್ಡಾಯ. ಒಂದು ಚಿಟಿಕೆ ಮರಳು ಒಳಗೆ ಹೋದರೆ ರಿಂಗ್ ಕಥೆ ಮುಗಿಯಿತು.

ಪಿಸ್ಟನ್, ಕ್ಯಾಮ್ ಕಡೆಗೆ

ದೊಡ್ಡ ಪಿಸ್ಟನ್, ಹೊಸ ಕ್ಯಾಮ್ ಬೇಡವೇ ಬೇಡ ಎಂದೇನೂ ಮಿಸ್ತ್ರಿ ಹೇಳುವುದಿಲ್ಲ. ಅವುಗಳ ಸರದಿ ಕಡೆಗೆ, ಅಷ್ಟೆ. ಹೇಗೂ ರಿಂಗ್ ಸವೆದು ಬೋರಿಂಗ್‌ಗೆ ಬಂದ ಎಂಜಿನ್ನಿಗೆ ದೊಡ್ಡ ಪಿಸ್ಟನ್ ಹಾಕಿದರೆ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ. ಗಟ್ಟಿಯಿರುವ ಎಂಜಿನ್ ಬಿಚ್ಚುವುದು ಹುಚ್ಚು.

ಅಂಥ ಪಿಸ್ಟನ್ ಸಾಮಾನ್ಯವಾಗಿ ಕಂಪ್ರೆಷನ್ನನ್ನೂ ಏರಿಸುತ್ತದೆ. ಆಗ ಪೆಟ್ರೋಲಿನ ಆಕ್ಟೇನ್ ನೋಡಬೇಕು. ಯುಎಇ ಬಂಕುಗಳಲ್ಲಿ 91, 95, 98 ಎಂದು ಮೂರು ಬಗೆ ಸಿಗುತ್ತದೆ. ಏರಿದ ಕಂಪ್ರೆಷನ್ನಿಗೆ ಅಗ್ಗದ್ದು ಹಾಕಿದರೆ ಬಿಸಿಲಿನಲ್ಲಿ ಎಂಜಿನ್ ಬಡಿಯುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಹೆಚ್ಚಿದ ಶಾಖವೂ ಭಾರವೇ. ಕ್ಯಾಮ್ ಮಾತೂ ಹಾಗೆ. ಜೋರು ಕ್ಯಾಮ್ ಶಕ್ತಿಯನ್ನು ಮೇಲಿನ ಆರ್‌ಪಿಎಂಗೆ ಒಯ್ದು ಕೆಳಗಿನ ಎಳೆತ ಕಸಿಯುತ್ತದೆ. ಶಕ್ತಿ ಏರಿದ ಮೇಲೆ ಕ್ಲಚ್ ಜಾರಿದರೆ ಅದಕ್ಕೆ ಬಿಗಿ ಸ್ಪ್ರಿಂಗ್. ಒಂದರ ಬೆನ್ನಿಗೆ ಇನ್ನೊಂದು ಖರ್ಚು.

ಇದಕ್ಕೆಲ್ಲ ಮೊದಲು ಹೆಲ್ಮೆಟ್, ಬೂಟು, ಬ್ರೇಕು. ಹಿಂದೆ ಯಾರನ್ನೂ ಕೂಡಿಸಬಾರದು. "ಮೇಲಕ್ಕ ಹೋಗೋದು ಎಂಜಿನ್ ಕೆಲಸ, ಕೆಳಗ ಬರೋದು ಬ್ರೇಕಿನ ಕೆಲಸ" ಎಂಬ ಮಾತನ್ನು ಅವರು ಫೋನಿನಲ್ಲಿ ಎರಡು ಸಲ ಹೇಳಿದ್ದನ್ನು ಕೇಳಿದೆ.

ನಮ್ಮೂರಲ್ಲಿ ಹೀಗೆ ಮಾಡಬಹುದೇ?

ಗ್ಯಾರೇಜಿನಲ್ಲಿ ಕೂತಿದ್ದ ಇಬ್ಬರು ಹುಡುಗರು ತಮ್ಮ ಬೈಕಿಗೂ ಇದನ್ನೇ ಮಾಡಿಕೊಡಿ ಎಂದರು. ಮಿಸ್ತ್ರಿ ತಲೆ ಅಲ್ಲಾಡಿಸಿದರು.

ರಸ್ತೆ ಗಾಡಿಗೆ ಕಾನೂನು ಬೇರೆ. ಕಂಪನಿ ಕೊಟ್ಟ ಸ್ವರೂಪ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಸ್ಪೋರ್ಟ್ ಕ್ವಾಡ್ ಅಂತೂ ಭಾರತದಲ್ಲಿ ರಸ್ತೆಯ ಗಾಡಿಯೇ ಅಲ್ಲ, ಖಾಸಗಿ ಜಾಗದಲ್ಲಿ ಓಡಿಸಬೇಕು.

ಪೆಟ್ರೋಲೂ ಬೇರೆ. 2025ರ ಹೊತ್ತಿಗೆ ನಮ್ಮ ಬಂಕುಗಳಿಗೆ ಬಂದಿರುವುದು ನೂರಕ್ಕೆ 20 ಪಾಲು ಇಥೆನಾಲ್ ಬೆರೆತದ್ದು. ಸೋಲಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಇಥೆನಾಲ್ ಮಾಡುವುದು ಕಬ್ಬು ಬೆಳೆಯುವ ನಮಗೆ ಗೊತ್ತಿದ್ದದ್ದೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಈ ಮಿಶ್ರಣಕ್ಕೆ ಹದಿಮೂರೂವರೆ ಸಾಕು. ಅಂದರೆ ಹಳೆಯ ಕಾರ್ಬೊರೇಟರ್ ಗಾಡಿ ಇಲ್ಲಿ ಮೊದಲೇ ತುಸು ತೆಳ್ಳಗೆ ಓಡುತ್ತಿರುತ್ತದೆ. ಅದರ ಮೇಲೆ ಫಿಲ್ಟರ್ ಮುಚ್ಚಳ ತೆಗೆದರೆ ಕೆಟ್ಟಿತು.

ದಿಬ್ಬ ಏರಿತು

ಹದಿನೈದು ದಿನ ಬಿಟ್ಟು ಮತ್ತೆ ಆ ಗ್ಯಾರೇಜಿಗೆ ಹೋದೆ. ಶಾರ್ಜಾದಲ್ಲಿ ವಾಲ್ವ್ ಕೂಡಿಸಿ, ಟ್ಯಾಪೆಟ್ ಸರಿಮಾಡಿ, ಫಿಲ್ಟರ್ ತೊಳೆದು, 14 ಹಲ್ಲಿನ ಸ್ಪ್ರಾಕೆಟ್ ಹಾಕಿಸಿದ್ದಾನಂತೆ ಹುಡುಗ. ಪಗಾರದ ದೊಡ್ಡ ಪಾಲು ಊರಿಗೆ ಬಂದಿದೆ. ಅಕ್ಕನ ಹೊಲದಲ್ಲಿ ಹೊಸ ಪೈಪು ಇಳಿದಿದೆ. ಮೋಟಾರ್ ಮಾತ್ರ ಹಳೆಯದೇ, ಐದು ಎಚ್‌ಪಿ.

ನಾನಿದ್ದಾಗಲೇ ಫೋನ್ ಬಂತು.

"ಮಾಮಾ, ದಿಬ್ಬ ಏರ್ತು! ತುದೀ ತನಕ!"

"ಛಲೋ ಆತು. ಇಳಿವಾಗ ಹುಷಾರ್."

ಸ್ವಲ್ಪ ಹೊತ್ತು ಆ ಕಡೆ ಮೌನ. ಆಮೇಲೆ ಸಣ್ಣ ದನಿಯಲ್ಲಿ ಒಂದು ಪ್ರಶ್ನೆ. "ಮಾಮಾ, ಮತ್ತ ಆ 416ರ ಪಿಸ್ಟನ್..."

ಮಿಸ್ತ್ರಿ ಉತ್ತರ ಕೊಡಲಿಲ್ಲ. ಫೋನನ್ನು ಪಕ್ಕದಲ್ಲಿ ಕೂತಿದ್ದ ಅಕ್ಕನ ಕೈಗೆ ಕೊಟ್ಟರು.