ಹಳೆಯ ಖಡ್ಗದ ಗುರುತು: ಹಿಡಿ, ಅಲಗು, ಅಕ್ಷರ

ಸಂಗ್ರಾಹಕನೊಬ್ಬನು ಕೊಂಡು ತಂದ ಹಳೆಯ ಖಡ್ಗಕ್ಕೆ ಮಾರಿದವನು ಹೇಳಿದ ಕಥೆಯೊಂದು ಸಾಮಾನ್ಯವಾಗಿ ಅಂಟಿಕೊಂಡಿರುತ್ತದೆ. ಅದು ಶಿವಾಜಿಯ ಕಾಲದ್ದೆಂದೋ ಟಿಪ್ಪುವಿನ ಆಯುಧಶಾಲೆಯದೆಂದೋ ಸಾರುವ ಇಂಥ ಕಥೆಗಳು ಬೆಲೆಯನ್ನು ಹೆಚ್ಚಿಸುತ್ತವೆಯೇ ಹೊರತು ಪ್ರಮಾಣಗಳಾಗುವುದಿಲ್ಲ. ಖಡ್ಗದ ದೇಶಕಾಲಗಳನ್ನು ನಿರ್ಣಯಿಸಲು ಹಸ್ತಪ್ರತಿಯನ್ನು ಪರಿಶೀಲಿಸುವ ಸಂಪಾದಕನ ಎಚ್ಚರವೇ ಬೇಕು. ಏಕೆಂದರೆ ಒಂದೇ ಖಡ್ಗದಲ್ಲಿ ಹಲವು ಕೈಗಳ, ಹಲವು ಕಾಲಗಳ ಕೆಲಸ ಬೆರೆತಿರಬಹುದು.

ಮೊದಲು ಗಮನಿಸಬೇಕಾದುದು ಹಿಡಿ ಮತ್ತು ಅಲಗುಗಳ ಸಂಬಂಧ. ತಲವಾರಿನ ಟೊಳ್ಳಾದ ಹಿಡಿಯೊಳಗೆ ಅಲಗಿನ ಬುಡವನ್ನು ಅರಗಿನಂಥ ಅಂಟಿನಿಂದ ಕೂರಿಸುತ್ತಿದ್ದರು. ಕಾಯಿಸಿದರೆ ಅಂಟು ಸಡಿಲಗೊಳ್ಳುವುದರಿಂದ ಒಂದು ಹಿಡಿಯನ್ನು ಕಳಚಿ ಬೇರೊಂದನ್ನು ತೊಡಿಸುವುದು ಕಷ್ಟವಾಗಿರಲಿಲ್ಲ. ಆದುದರಿಂದ ಹಿಡಿಯ ಕಾಲವೇ ಅಲಗಿನ ಕಾಲವೆಂದು ಹೇಳಲಾಗದು. ಯುರೋಪಿನ ಅಲಗಿಗೆ ಇಲ್ಲಿಯ ಹಿಡಿಯನ್ನು ಕೂಡಿಸಿದ 'ಫಿರಂಗಿ' ಖಡ್ಗವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲಗಿನ ಮೇಲೆ ಲ್ಯಾಟಿನ್ ಅಕ್ಷರಗಳಿದ್ದ ಮಾತ್ರಕ್ಕೆ ಅದು ಯುರೋಪಿನದೆಂದೂ ನಿಶ್ಚಯಿಸುವಂತಿಲ್ಲ; ಆ ಮುದ್ರೆಗಳನ್ನು ಭಾರತದ ಕಮ್ಮಾರರೂ ಅನುಕರಿಸಿದ್ದಾರೆ.

ಎರಡನೆಯದು ಲೋಹ. ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕಿನ ಅಲಗಿನಲ್ಲಿ ನೀರಿನ ತೆರೆಗಳಂಥ ವಿನ್ಯಾಸ ಕಾಣುತ್ತದೆ. ಮುಂಬಯಿಯಿಂದ ಬಂದ ಇಂಥ ಉಕ್ಕನ್ನು ಕುರಿತು 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಒಪ್ಪಿಸಿದಾಗ ಅದನ್ನು 'ವೂಟ್ಸ್' ಎಂದು ಕರೆದನು. ಈ ಶಬ್ದದ ಮೂಲವನ್ನು ಕನ್ನಡ-ತೆಲುಗುಗಳ 'ಉಕ್ಕು' ಎಂಬುದರಲ್ಲಿ ಗುರುತಿಸಲಾಗಿದೆ. ಆದರೆ ಈ ಉಕ್ಕು ಪರ್ಶಿಯಾಕ್ಕೂ ರಫ್ತಾಗುತ್ತಿದ್ದುದರಿಂದ, ವಿನ್ಯಾಸವೊಂದೇ ಖಡ್ಗದ ನೆಲೆಯನ್ನು ತಿಳಿಸಲಾರದು.

ಮೂರನೆಯದು ಬರಹ. ಇದು ಅತ್ಯಂತ ವಿಶ್ವಾಸಾರ್ಹವೆನಿಸಿದರೂ ದಾರಿ ತಪ್ಪಿಸುವುದುಂಟು. ಬಿಜಾಪುರದ ಆದಿಲಶಾಹಿ ರಾಜ್ಯ 1686ರಲ್ಲಿ ಪತನಗೊಂಡ ತರುವಾಯ ಆದವಾನಿಯ ಕೋಟೆಯೂ ಮೊಗಲರ ವಶವಾಯಿತು. ಮೊಗಲರ ಸೇನಾನಿಯಾಗಿದ್ದ ಬಿಕಾನೇರಿನ ಮಹಾರಾಜ ಅನೂಪಸಿಂಹನು 1689ರ ಸುಮಾರಿಗೆ ಅಲ್ಲಿಯ ಅನೇಕ ಆಯುಧಗಳನ್ನು ತನ್ನ ರಾಜಧಾನಿಗೆ ಸಾಗಿಸಿದನು. ಬಿಕಾನೇರಿನ ಆಯುಧಶಾಲೆಯ ಹಲವು ಆಯುಧಗಳ ಮೇಲೆ ಚುಕ್ಕಿಗಳನ್ನು ಕುಟ್ಟಿ ಮೂಡಿಸಿದ ನಾಗರಿ ಅಕ್ಷರಗಳಿವೆ. ಮುಂದೆ ಇವುಗಳಲ್ಲಿ ಕೆಲವು ಅಲ್ಲಿಂದ ಹೊರಬಿದ್ದು ವಿದೇಶದ ವಸ್ತುಸಂಗ್ರಹಾಲಯಗಳನ್ನೂ ಖಾಸಗಿ ಸಂಗ್ರಾಹಕರನ್ನೂ ಸೇರಿದವು. ಅಕ್ಷರವನ್ನಷ್ಟೇ ನಂಬಿದವರಿಗೆ ಅಂಥ ಖಡ್ಗ ರಾಜಸ್ಥಾನದ್ದಾಗಿ ತೋರುತ್ತದೆ. ಹಿಡಿಯ ಆಕಾರವನ್ನೂ ಕೆತ್ತನೆಯನ್ನೂ ಪರಿಶೀಲಿಸಿದವರಿಗೆ ದಖನ್ನಿನ ಕುಶಲಕರ್ಮಿಯ ಕೈ ಕಾಣಿಸುತ್ತದೆ. ಆ ಬರಹ ಹೇಳುವುದು ಆಯುಧವನ್ನು ಇರಿಸಿಕೊಂಡವರ ವಿಷಯವನ್ನು, ಮಾಡಿದವರ ವಿಷಯವನ್ನಲ್ಲ. ಅದು ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಮಾತಿನಂತೆ. ಕವಿಯ ಮಾತೆಂದು ಭ್ರಮಿಸಬಾರದು.

ಹೀಗಾಗಿ ಅಲಗನ್ನು ಮಾಡಿದ್ದು ಎಲ್ಲಿ, ಹಿಡಿಯನ್ನು ತೊಡಿಸಿದ್ದು ಎಂದು, ಖಡ್ಗ ಯಾರ ಬಳಿಯಲ್ಲಿತ್ತು ಎಂಬ ಪ್ರಶ್ನೆಗಳಿಗೆ ಬೇರೆ ಬೇರೆಯಾಗಿಯೇ ಉತ್ತರ ಹುಡುಕಬೇಕು. ಅದಕ್ಕೆ ಮುನ್ನ ಖಡ್ಗವನ್ನು ಉಜ್ಜಿ ಬೆಳಗಿಸುವ ಉತ್ಸಾಹವನ್ನು ಸಂಗ್ರಾಹಕನು ತಡೆದುಕೊಳ್ಳಬೇಕು. ತುಕ್ಕಿನೊಡನೆ ಚುಕ್ಕಿಯ ಅಕ್ಷರಗಳೂ ಉಕ್ಕಿನ ತೆರೆಗಳೂ ಅಳಿಸಿಹೋದರೆ, ಹೊಳೆಯುವ ಕಬ್ಬಿಣ ಉಳಿದೀತು. ದಖನ್ನಿನ ಕಮ್ಮಾರನ ಚರಿತ್ರೆಗೆ ಇದ್ದ ಸಾಕ್ಷ್ಯ ಮಾತ್ರ ಉಳಿಯದು.